ಬಾಗಿಲಿಲ್ಲದ ಅಂಗಡಿಯ ಜಲಜಕ್ಕ

ಏನನ್ನೇ ಮಾರಲಿ, ಜಲಜಕ್ಕ ಮೊದಲು ಅದರ ದೋಷ ಹೇಳುತ್ತಿದ್ದರು. ಹಲಸಿನ ಹಪ್ಪಳ ಕೇಳಿಕೊಂಡು ಹೋದವರ ಕೈಗೆ ಕಟ್ಟು ಕೊಡುವ ಮೊದಲೇ, “ಈ ಸಲದ್ದು ಸ್ವಲ್ಪ ದಪ್ಪ ಬಂದಿದೆ, ಎಣ್ಣೆ ಕುಡೀತದೆ. ಬೇಕಾದ್ರೆ ಮಾತ್ರ ತಕೊಳ್ಳಿ” ಎನ್ನುವರು. ಸಾರಿನ ಪುಡಿ ಕೇಳಿದರೆ, ಕೊತ್ತಂಬರಿ ಈ ಬಾರಿ ಹಳೆಯದು ಸಿಕ್ಕಿತು, ಪರಿಮಳ ಕಡಿಮೆ ಎನ್ನುವರು. ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿನಲ್ಲಿ ಅವರದು ನೆಲಮಹಡಿ, ನಮ್ಮದು ಎರಡನೆಯದು. ಮೊದಲ ಸಲ ಅವರಿಂದ ಪುಡಿ ತರಲು ಹೋದ ನನ್ನ ತಾಯಿ ಬರಿಗೈಯಲ್ಲಿ ವಾಪಸ್ಸು ಬಂದಿದ್ದಳು. ಧಾರವಾಡದ ಪೇಟೆಯಲ್ಲಿ ಚೌಕಾಸಿ ಮಾಡಿ ಬೆಳೆದವಳು ಅವಳು. ಮಾರುವವರೇ ತಮ್ಮ ಮಾಲನ್ನು ಬೈಯುವುದನ್ನು ಅವಳು ಎಲ್ಲೂ ನೋಡಿರಲಿಲ್ಲ. ಮರುದಿನ ತಾನಾಗಿಯೇ ಹೋಗಿ ತಂದಳು. ಆಮೇಲೆ ನಮ್ಮ ಮನೆಯಲ್ಲಿ ಬೇರೆ ಪುಡಿ ಬರಲಿಲ್ಲ.

ಜಲಜಾಕ್ಷಿ ಎಂದು ಅವರ ಪೂರ್ತಿ ಹೆಸರು. ಊರು ಉಡುಪಿಯ ಹತ್ತಿರ. ಮದುವೆಯಾಗಿ ಬಂದಾಗಿನಿಂದ ಡೊಂಬಿವಲಿ. ಎತ್ತರದ ಆಳು, ಅಗಲವಾದ ಹಣೆ, ಸೆರಗನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುವರು. ಮಾತು ಕಡಿಮೆಯೇನಲ್ಲ, ಆದರೆ ಒಂದು ಮಾತನ್ನೂ ಸಿಹಿ ಮಾಡಿ ಹೇಳುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಗಂಡ ಶ್ರೀಪತಿ ರಾಯರು ಒಂದು ಕೆಮಿಕಲ್ ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಗುಮಾಸ್ತರು. ಅವರಂಥ ಮೌನಿಯನ್ನು ನಾನು ಕಂಡಿಲ್ಲ. ಬೆಳಿಗ್ಗೆ ತಲೆ ತಗ್ಗಿಸಿ ಉಂಡು ಹೋಗುವರು, ಸಂಜೆ ತಲೆ ತಗ್ಗಿಸಿ ಬಂದು ಉಣ್ಣುವರು. ಮೆಟ್ಟಿಲ ಬಳಿ ಸಿಕ್ಕರೆ ಒಂದು ನಗೆ, ಅಷ್ಟೇ. ಗಂಡಹೆಂಡಿರ ನಡುವೆ ತುಳು. ಅದರಲ್ಲೂ ರಾಯರ ಪಾಲಿನದು ಹೌದೆನ್ನಲು ‘ಅಂದ್’, ಇಲ್ಲವೆನ್ನಲು ‘ಇಜ್ಜಿ’, ಎರಡೇ ಶಬ್ದ ಎಂದು ನಾವೆಲ್ಲ ನಗುತ್ತಿದ್ದೆವು.

ರಾಯರ ಕಂಪನಿ ಮುಚ್ಚಿತು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಅವರು ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಹೋಗಲು ಎಲ್ಲಿಯೂ ಇಲ್ಲದೆ ಮನೆಯ ಮುಂದಿನ ಗ್ಯಾಲರಿಯಲ್ಲಿ ಕೂತಿರುತ್ತಿದ್ದರು. ಆಗ ನಾನು ಐರೋಲಿಯ ಒಂದು ಐ.ಟಿ. ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಠಾಣೆ, ಅಲ್ಲಿಂದ ಇನ್ನೊಂದು ಲೈನು, ಟ್ರಾನ್ಸ್‌ಹಾರ್ಬರ್. ಒಂದು ಸಂಜೆ ಜನಜಂಗುಳಿಯಲ್ಲಿ ನುಜ್ಜುಗುಜ್ಜಾಗಿ ಬರುತ್ತಿದ್ದವಳನ್ನು ಜಲಜಕ್ಕ ಗೇಟಿನಲ್ಲೇ ತಡೆದು ನಿಲ್ಲಿಸಿದರು.

“ವಿದ್ಯಾ, ನನಗೆ ನೆಟ್‌ನಲ್ಲಿ ಒಂದು ಅಂಗಡಿ ಹಾಕಿಕೊಡ್ತೀಯಾ?”

ನಾನು ದಂಗಾದೆ. ಆಗಿನ್ನೂ ಜನ ರೈಲ್ವೆ ಟಿಕೆಟನ್ನು ನೆಟ್‌ನಲ್ಲಿ ತೆಗೆಯಲಿಕ್ಕೇ ಹೆದರುತ್ತಿದ್ದ ಕಾಲ. ಜಲಜಕ್ಕ ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಇದನ್ನು ಎಲ್ಲಿ ಕೇಳಿದಿರಿ ಎಂದೆ. ಸ್ಟೇಷನ್ ಹಿಂದಿನ ಸೈಬರ್ ಕೆಫೆಗೆ ಒಂದು ವಾರದಿಂದ ಹೋಗಿ ಕೂತು ನೋಡುತ್ತಿದ್ದಾರಂತೆ. ಕಾಲೇಜು ಮಕ್ಕಳ ನಡುವೆ, ಸೆರಗು ಸಿಕ್ಕಿಸಿಕೊಂಡು. ಇಂಗ್ಲಿಷ್ ಓದಲು ಕಷ್ಟ, ಆದರೆ ಚಿತ್ರ, ಬೆಲೆ, ಕೆಳಗೊಂದು ಗುಂಡಿ ಇರುವುದೆಲ್ಲ ಅಂಗಡಿ ಎಂದು ತಿಳಿದುಕೊಂಡಿದ್ದರು. ಅವರಿಗೆ ಉಳಿದಿದ್ದದ್ದು ಒಂದೇ ಅನುಮಾನ. ಅದನ್ನು ಗೇಟಿನಲ್ಲೇ ಕೇಳಿದರು.

“ಇಲ್ಲಿ ಗಿರಾಕಿಯ ಮುಖ ನನಗೆ ಕಾಣುವುದಿಲ್ಲ, ಸರಿ. ನನ್ನ ಮುಖವೂ ಅವರಿಗೆ ಕಾಣುವುದಿಲ್ಲ ಅಲ್ವಾ? ಮತ್ತೆ ಅವರು ನನ್ನನ್ನು ಯಾಕೆ ನಂಬಬೇಕು ಮಾರಾಯ್ತಿ?”

ನಮ್ಮ ಆಫೀಸಿನಲ್ಲಿ ದೊಡ್ಡ ದೊಡ್ಡವರು ಬಂದು ಪರದೆಯ ಮೇಲೆ ಬಣ್ಣದ ಗೆರೆ ಎಳೆದು ಹೇಳುತ್ತಿದ್ದ ವಿಷಯವೂ ಸುತ್ತಿ ಬಳಸಿ ಇದೇ ಆಗಿತ್ತು. ಮಾಡಿ ನೋಡೋಣ್ರಿ ಎಂದೆ.

ಹಳೆಯದೊಂದು ಕಂಪ್ಯೂಟರ್ ಬಂತು. ನನ್ನ ಸಹೋದ್ಯೋಗಿಯೊಬ್ಬ ಸರಳವಾದ ಸೈಟ್ ಕಟ್ಟಿಕೊಟ್ಟ. ಟೈಪ್ ಮಾಡುವವರು ಯಾರು ಎಂದು ಯೋಚಿಸುತ್ತಿದ್ದಾಗ ಗ್ಯಾಲರಿಯಲ್ಲಿದ್ದ ರಾಯರು ಎದ್ದು ಬಂದು ಕೀಲಿಮಣೆಯ ಮುಂದೆ ಕೂತರು. ಹತ್ತು ಬೆರಳೂ ಮಳೆಯ ಹಾಗೆ ಸುರಿದವು. ಇಡೀ ವಯಸ್ಸು ಕಂಪನಿಯ ಪತ್ರ ಬಡಿದ ಕೈ. ಹೆಂಡತಿ ತುಳುವಿನಲ್ಲಿ ಹೇಳುವುದು, ಗಂಡ ಇಂಗ್ಲಿಷಿನಲ್ಲಿ ಹೊಡೆಯುವುದು ಎಂದು ನಿಶ್ಚಯವಾಯಿತು. ಅಂದಿನಿಂದ ರಾಯರ ಇಸ್ತ್ರಿ ಶರಟಿಗೆ ಒಂದು ಆಫೀಸು ಸಿಕ್ಕಿತು.

ಮೊದಲ ಜಗಳ ವಿವರಣೆಯದು. ಮಿಡಿ ಉಪ್ಪಿನಕಾಯಿಯ ಬಗ್ಗೆ ನಾನು ಬಾಯಲ್ಲಿ ನೀರೂರುವಂತೆ ನಾಲ್ಕು ಸಾಲು ಬರೆದುಕೊಟ್ಟಿದ್ದೆ. ಜಲಜಕ್ಕ ಕೇಳಿಸಿಕೊಂಡು, ಅದನ್ನೆಲ್ಲ ಕೆಳಗೆ ಹಾಕಿ ಎಂದು ಗಂಡನಿಗೆ ಹೇಳಿ, ಮೇಲಿನ ಸಾಲನ್ನು ತಾವೇ ಹೇಳಿಸಿದರು: ‘ಇದರಲ್ಲಿ ಉಪ್ಪು ಬಹಳ ಹೆಚ್ಚು. ರಕ್ತದೊತ್ತಡ ಇರುವವರು, ಹೃದಯದ ತೊಂದರೆ ಇರುವವರು ಕೊಳ್ಳಬೇಡಿ.’ ರಾಯರ ಬೆರಳು ನಿಂತವು. ನಾನೂ ಬಾಯಿಬಿಟ್ಟು ನೋಡಿದೆ. ಅಂಗಡಿಯ ಹೊಸ್ತಿಲಲ್ಲೇ ಗಿರಾಕಿಯನ್ನು ಅಟ್ಟಿದಂತಲ್ಲವೇ ಎಂದರೆ, ಮನೆಗೆ ಬಂದವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಹೇಳಿದ್ದು, ಹೆಚ್ಚೇನು ಎಂದರು. ಹಪ್ಪಳದ ಚಿತ್ರ ತೆಗೆಯುವಾಗ ಕಟ್ಟಿನಿಂದ ಒಡೆದ ಎರಡನ್ನು ಆರಿಸಿ ಮುಂದಿಟ್ಟರು. ದಾರಿಯಲ್ಲಿ ಎರಡು ಒಡೆದೇ ಒಡೆಯುತ್ತವೆ, ಒಡೆಯದ ಚಿತ್ರ ತೋರಿಸಿ ಒಡೆದದ್ದು ಕಳಿಸುವುದು ಹೇಗೆ ಎಂಬುದು ಅವರ ಪ್ರಶ್ನೆ.

ಒಡೆಯುವುದನ್ನು ಕಡಿಮೆ ಮಾಡಲು ಅವರು ಹೂಡಿದ ಉಪಾಯಕ್ಕೆ ಇಡೀ ಬಿಲ್ಡಿಂಗು ಬೆಚ್ಚಿಬಿದ್ದಿತ್ತು. ಒಂದು ಭಾನುವಾರ ಬೆಳಿಗ್ಗೆ ಮೆಟ್ಟಿಲಿನ ಕಡೆಯಿಂದ ಏನೋ ಧೊಪ್ಪೆಂದು ಬಿದ್ದ ಸದ್ದು. ಯಾರೋ ಬಿದ್ದರೆಂದು ಎಲ್ಲರೂ ಬಾಗಿಲು ತೆಗೆದು ಓಡಿಬಂದೆವು. ನೋಡಿದರೆ ಕೆಳಗೆ ರಟ್ಟಿನ ಪೆಟ್ಟಿಗೆ. ಮೇಲೆ ಕಡೆಯ ಮಹಡಿಯ ಕಟಕಟೆಗೆ ಬಗ್ಗಿ ಜಲಜಕ್ಕ. ಇಳಿದು ಬಂದು ಪೆಟ್ಟಿಗೆ ಬಿಚ್ಚಿ, ಒಳಗಿನ ಬಾಟಲಿ, ಹಪ್ಪಳ ನೋಡಿ, ಭತ್ತದ ಹೊಟ್ಟು ಇನ್ನಷ್ಟು ತುಂಬಿ, ಮತ್ತೆ ಹತ್ತಿದರು. ಸೊಸೈಟಿಯ ಸೆಕ್ರೆಟರಿ ಬಂದು ಮರಾಠಿಯಲ್ಲಿ ಕೂಗಾಡಿದ. ಕೊರಿಯರಿನವರು ಇದಕ್ಕಿಂತ ಮೆತ್ತಗೆ ಇಡುತ್ತಾರೆಯೇ ಎಂದು ಅವನನ್ನೇ ಕೇಳಿ, ಮತ್ತೊಮ್ಮೆ ಬಿಟ್ಟರು. ಬಾಟಲಿ ಒಡೆಯದೆ ಉಳಿದದ್ದನ್ನು ಸೆಕ್ರೆಟರಿಗೇ ತೋರಿಸಿದರು. ಆತನೂ ಬಗ್ಗಿ ನೋಡಿದ. ಆಮೇಲೆ ಒಂದು ಪಾರ್ಸೆಲ್ಲನ್ನು ತಮ್ಮದೇ ವಿಳಾಸಕ್ಕೆ ಕಳಿಸಿಕೊಂಡು, ಅದು ಬಂದಾಗ ಬೇರೆಯವರು ಕಳಿಸಿದ್ದೆಂಬಂತೆ ಬಾಗಿಲಲ್ಲಿ ಕಾದು ನಿಂತು ತೆಗೆದುಕೊಂಡರು. ಕಾಯುವಾಗ ಹೇಗನ್ನಿಸುತ್ತದೆ ಎಂದು ತಿಳಿಯಬೇಕಿತ್ತಂತೆ.

ಇಷ್ಟಾದರೂ ಆರ್ಡರ್ ಬರಲಿಲ್ಲ. ವಾರಗಳು ಹೋದವು. ಸೈಟಿನಲ್ಲಿ ಗಿರಾಕಿಗಳ ಅಭಿಪ್ರಾಯಕ್ಕೆಂದು ಒಂದು ಜಾಗ ಮಾಡಿದ್ದೆವು. ಅಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಅದು ಬೋಳಾಗಿಯೇ ಇತ್ತು. ಬಿಡ್ರಿ ಜಲಜಕ್ಕ, ಮಂದಿಗೆ ಇನ್ನೂ ರೂಢಿ ಆಗಿಲ್ಲ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಅವರು ಹುರಿಯುವ ಬಾಣಲೆಯತ್ತ ತಿರುಗುವರು.

ಆಗ ಒಂದು ದಿನ ಪುಣೆಯಿಂದ ಒಂದು ಅಭಿಪ್ರಾಯ ಬಂತು. ಶ್ರೀಮತಿ ಜೋಶಿ ಎನ್ನುವವರದು. ಪರಿಚಯದವರ ಮನೆಯಲ್ಲಿ ರುಚಿ ನೋಡಿದರಂತೆ. ನಾನು ಕೆಳಗೆ ಹೋದಾಗ ರಾಯರು ಅದನ್ನು ಪರದೆಯಿಂದ ಓದಿ, ತುಳುವಿಗೆ ತಿರುಗಿಸಿ ಹೆಂಡತಿಗೆ ಹೇಳುತ್ತಿದ್ದರು. ಅವರು ಅಷ್ಟು ದೀರ್ಘವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಂಥ ಪುಡಿಯ ಸಾರನ್ನು ತಮ್ಮ ಜೀವಮಾನದಲ್ಲಿ ಉಂಡಿಲ್ಲ, ಊಟವಾದ ಮೇಲೆ ಕೈ ತೊಳೆಯಲು ಮನಸ್ಸಾಗಲಿಲ್ಲ ಎಂದು ಜೋಶಿಬಾಯಿ ಬರೆದಿದ್ದರು. ಜಲಜಕ್ಕ ಒಲೆಯ ಮುಂದೆ ನಿಂತು ಕೇಳಿದರು. ತಿರುಗಲಿಲ್ಲ. ಕಿವಿಯ ಹಿಂದಿನವರೆಗೂ ಕೆಂಪಾದದ್ದು ಮಾತ್ರ ನನಗೆ ಕಂಡಿತು.

ಆಮೇಲೆ ನಾಗಪುರ, ನಾಸಿಕ, ಬರೋಡಾ. ಅಭಿಪ್ರಾಯಗಳು ಬಂದವು, ಅವುಗಳ ಬೆನ್ನಿಗೆ ನಿಜವಾಗಿಯೂ ಆರ್ಡರುಗಳು ಬಂದವು. ಜಲಜಕ್ಕನಿಗೆ ಅವರೆಲ್ಲರಲ್ಲಿ ಜೋಶಿಬಾಯಿಯ ಮೇಲೆ ಹೆಚ್ಚು ಅಕ್ಕರೆ. ಆಕೆ ಮತ್ತೆ ಮತ್ತೆ ಬರೆಯುತ್ತಿದ್ದರು. ತಮ್ಮ ಮುದಿ ತಾಯಿಯ ಸುದ್ದಿಯನ್ನೂ ಒಮ್ಮೊಮ್ಮೆ ಬರೆಯುವರು. “ಜೋಶಿಬಾಯಿಯ ಅಮ್ಮನಿಗೆ ಮೊಣಕಾಲು ನೋವಂತೆ ಪಾಪ” ಎಂದು ಜಲಜಕ್ಕ ನಮ್ಮ ತಾಯಿಗೆ ಹೇಳುತ್ತಿದ್ದದ್ದು ನನಗೆ ನೆನಪಿದೆ. ಸಂಡಿಗೆಯ ಒಂದು ಡಬ್ಬಿ ಸುಮ್ಮನೆ ಕಳಿಸುವ ಎಂದು ಎತ್ತಿಟ್ಟಿದ್ದರು. ಆಕೆ ವಿಳಾಸ ಕೊಟ್ಟಿಲ್ಲ ಎಂದು ರಾಯರು ಹೇಳಿದ ಮೇಲೆ ಡಬ್ಬಿ ಹಾಗೆಯೇ ಉಳಿಯಿತು.

ಅಂಗಡಿ ಎದ್ದು ನಿಂತಿತು. ಹತ್ತಿರದ ದಿವಾದಿಂದ ಇಬ್ಬರು ಹೆಂಗಸರು ದಿನಾ ಬಂದು ಕುಟ್ಟಿ, ಹುರಿದು, ಕಟ್ಟಿ ಹೋಗುತ್ತಿದ್ದರು. ಬಿಲ್ಡಿಂಗಿನ ಮೆಟ್ಟಿಲೆಲ್ಲ ಹುರಿದ ಮೆಂತೆಯ ವಾಸನೆ. ಹೀಗೆ ಎರಡು ವರ್ಷ ನಡೆದಿರಬೇಕು.

ಒಂದು ಭಾನುವಾರ ಬೆಳಿಗ್ಗೆ ನಾನು ಕೆಳಗೆ ಅವರ ಹಾಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಬಾಗಿಲಲ್ಲಿ ನಲವತ್ತರ ಆಸುಪಾಸಿನ ಒಬ್ಬರು ಬಂದು ನಿಂತರು. ಸಾವಂತ್ ಎಂದು ಹೆಸರು ಹೇಳಿದರು. ಐರೋಲಿಯವರು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಪಾರ್ಸೆಲ್ಲಿನ ಮೇಲಿದ್ದ ವಿಳಾಸ ಹಿಡಿದು ಬಂದಿದ್ದರು. ಜಗಳಕ್ಕೆ ಬಂದವರಲ್ಲ ಎಂದು ಮೊದಲೇ ಹೇಳಿಬಿಟ್ಟರು. ಜಲಜಕ್ಕ ಕೂರಿಸಿ ನೀರು ಕೊಟ್ಟರು.

ಅವರು ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು. ಅವರ ತಂದೆಗೆ ಹೃದಯದ ತೊಂದರೆ, ಉಪ್ಪು ಬಿಡಬೇಕೆಂದು ಡಾಕ್ಟರು ಹೇಳಿದ್ದರು. ನಾಲಿಗೆ ಸತ್ತುಹೋಗಿದೆ, ಊಟ ಸೇರುವುದಿಲ್ಲ ಎಂದು ಮುದುಕರ ಗೋಳು. ಸಾವಂತರು ನಮ್ಮ ಸೈಟಿನಲ್ಲಿ ಮಿಡಿ ಉಪ್ಪಿನಕಾಯಿ ನೋಡಿದರು. ಮೇಲಿದ್ದ ಎಚ್ಚರಿಕೆಯನ್ನೂ ಓದಿದರು. ಬಿಟ್ಟುಬಿಡುವವರೇ ಇದ್ದರು. ಅಷ್ಟರಲ್ಲಿ ಕೆಳಗಿದ್ದ ಅಭಿಪ್ರಾಯ ಕಣ್ಣಿಗೆ ಬಿತ್ತು. ಪುಣೆಯ ಶ್ರೀಮತಿ ಜೋಶಿ ಬರೆದಿದ್ದರು: ತನ್ನ ತಾಯಿಗೆ ರಕ್ತದೊತ್ತಡವೂ ಇದೆ, ಹೃದಯದ ಕಾಯಿಲೆಯೂ ಇದೆ, ದಿನಾ ಈ ಉಪ್ಪಿನಕಾಯಿ ತಿನ್ನುತ್ತಾರೆ, ಏನೂ ಆಗಿಲ್ಲ. ಸಾವಂತರು ತರಿಸಿ ಕೊಟ್ಟರು. ಮುದುಕರು ಖುಷಿಯಿಂದ ತಿಂದರು, ಹೇಳದೆ ಹೆಚ್ಚೇ ತಿಂದರು. ಈಗ ಅವರು ಆಸ್ಪತ್ರೆಯಲ್ಲಿದ್ದಾರೆ. ಮೈಯೆಲ್ಲ ಊದಿದೆ, ಉಸಿರಾಡಲು ಯಂತ್ರ ಹಾಕಿದ್ದಾರೆ.

“ತಂದುಕೊಟ್ಟವನು ನಾನೇ,” ಎಂದರು ಸಾವಂತ್. “ಆ ಜೋಶಿಬಾಯಿಯ ಫೋನ್ ನಂಬರ್ ಕೊಡಿ. ಅವರ ತಾಯಿ ಚೆನ್ನಾಗಿದ್ದಾರೆ ಅಂತ ಅವರ ಬಾಯಿಂದ ಒಮ್ಮೆ ಕೇಳಬೇಕು. ಇಲ್ಲದಿದ್ದರೆ ನನಗೆ ತಲೆ ಕೆಡುತ್ತದೆ.”

ಜಲಜಕ್ಕನ ಮುಖ ಬಿಳಿಚಿಕೊಂಡಿತ್ತು. ಆ ಅಭಿಪ್ರಾಯವನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಹುಡುಕಿಸಿ ಕೊಡುತ್ತೇನೆ, ಹೇಗಾದರೂ ಕೊಡುತ್ತೇನೆ ಎನ್ನುತ್ತ ಗಂಡನ ಕಡೆ ತಿರುಗಿದರು. ರಾಯರು ಕಂಪ್ಯೂಟರಿನ ಮುಂದಿನಿಂದ ಎದ್ದು ನಿಂತಿದ್ದರು. ಕೈ ಕುರ್ಚಿಯ ಬೆನ್ನನ್ನು ಹಿಡಿದಿತ್ತು.

“ಐಸೀ ಕೋಯೀ ಔರತ್ ನಹೀ ಹೈ,” ಎಂದರು. ಅಂಥ ಹೆಂಗಸೇ ಇಲ್ಲ. “ಮೈನೇ ಲಿಖಾ ಥಾ.” ಬರೆದದ್ದು ನಾನು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ನನಗೆ ಅರ್ಥವಾದಾಗ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟೆ. ಜಲಜಕ್ಕ ತುಳುವಿನಲ್ಲಿ ಕೇಳಿದರು. ಇಷ್ಟು ವರ್ಷದ ನೆರೆಯಲ್ಲಿ ನನಗೆ ಆ ಭಾಷೆ ತಿಳಿಯುತ್ತಿತ್ತು.

“ಜೋಶಿಬಾಯಿ?”

“ಇಲ್ಲ.”

“ಅವರ ಅಮ್ಮ?”

“ಅವರೂ ಇಲ್ಲ.”

“ನಾಗಪುರದವರು?”

ರಾಯರು ಇಲ್ಲವೆಂದು ತಲೆಯಾಡಿಸಿದರು. ಜಲಜಕ್ಕ ಗೋಡೆಗೆ ಕೈಯಿಟ್ಟುಕೊಂಡು ನಿಂತರು. ಯಾರೋ ಪರಿಚಿತರು ಸತ್ತ ಸುದ್ದಿ ಬಂದಾಗ ಜನ ನಿಲ್ಲುತ್ತಾರಲ್ಲ, ಹಾಗೆ.

ಸಾವಂತರು ಕೂಗಾಡಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು. ಅವರು ಲೋಟವನ್ನು ಮೇಜಿನ ಮೇಲಿಟ್ಟು, ರಾಯರನ್ನು ಒಮ್ಮೆ ದಿಟ್ಟಿಸಿ ನೋಡಿ, ಬಾಗಿಲ ಬಳಿ ಕೂತು ಶೂ ಹಾಕಿಕೊಂಡು ಹೊರಟರು. ಲೇಸು ಕಟ್ಟಲಿಲ್ಲ. ಜಲಜಕ್ಕ ಒಳಗೆ ಹೋಗಿ ಒಲೆ ಆರಿಸಿ ಬಂದರು. ಗಂಡನಿಗೆ ಚಪ್ಪಲಿ ಹಾಕಿಕೊಳ್ಳಲು ಹೇಳಿದರು. ನನ್ನನ್ನು ಬಾ ಎನ್ನಲಿಲ್ಲ, ನಾನೇ ಹೋದೆ. ಗೇಟಿನಾಚೆ ಸಾವಂತರನ್ನು ಕೂಡಿಕೊಂಡು, ಠಾಣೆಯಲ್ಲಿ ಗಾಡಿ ಬದಲಿಸಿ, ನಾನು ದಿನಾ ಇಳಿಯುವ ಐರೋಲಿ ಸ್ಟೇಷನ್ನಿನಲ್ಲಿ ಇಳಿದೆವು.

ಆಸ್ಪತ್ರೆಯಲ್ಲಿ ಗಾಜಿನಾಚೆಯಿಂದ ಮುದುಕರನ್ನು ನೋಡಿದೆವು. ಕಾಲುಗಳು ಕಂಬದ ಹಾಗೆ ಊದಿದ್ದವು. ರಾಯರು ಗಾಜಿನ ಮುಂದೆ ಕೈ ಮುಗಿದು ನಿಂತವರು ಅಲ್ಲಿಂದ ಕದಲಲಿಲ್ಲ. ಡಾಕ್ಟರು ಹೊರಗೆ ಬಂದಾಗ ಜಲಜಕ್ಕನೇ ಕೇಳಿದರು, ಉಪ್ಪಿನಕಾಯಿಯಿಂದ ಆಯಿತೇ ಎಂದು. ಹೃದಯ ಮೊದಲೇ ಸೋತಿತ್ತು, ಉಪ್ಪು ಖಂಡಿತ ಒಳ್ಳೆಯದು ಮಾಡಿಲ್ಲ, ಅದೊಂದರಿಂದಲೇ ಎನ್ನಲಾಗದು ಎಂದು ಅವರು ಹೇಳಿದರು. ಸಾವಂತರ ಮುಖ ಸ್ವಲ್ಪ ಸಡಿಲಾಯಿತು. ಜಲಜಕ್ಕನದು ಆಗಲಿಲ್ಲ.

ಅಂದು ಸಂಜೆ ಅವರ ಹಾಲಿನಲ್ಲಿ ನಡೆದದ್ದನ್ನು ನಾನು ಹೇಗೆ ಹೇಳಲಿ? ಜಲಜಕ್ಕ ಗಂಡನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಹೇಳುತ್ತೇನೆ, ಹೊಡೆಯಿರಿ ಎಂದರು. ಅಂಗಡಿಯ ಮೊದಲ ಪುಟದಲ್ಲಿ, ಎಲ್ಲಕ್ಕಿಂತ ಮೇಲೆ ಹಾಕಬೇಕು: ಈ ಅಂಗಡಿಯಲ್ಲಿ ನೀವು ಓದಿದ ಹೊಗಳಿಕೆಗಳಲ್ಲಿ ಬಹಳಷ್ಟನ್ನು ಬರೆದದ್ದು ನನ್ನ ಗಂಡ. ನನಗೆ ಗೊತ್ತಿರಲಿಲ್ಲ, ಆದರೆ ಅಂಗಡಿ ನನ್ನದು. ಅದನ್ನು ನಂಬಿ ಕೊಂಡವರೊಬ್ಬರು ಆಸ್ಪತ್ರೆಯಲ್ಲಿದ್ದಾರೆ. ಉಪ್ಪು ಬಿಟ್ಟಿರುವವರ ಮನೆಯಲ್ಲಿ ನಮ್ಮ ಉಪ್ಪಿನಕಾಯಿ ಇದ್ದರೆ ಈಗಲೇ ಎಸೆಯಿರಿ.

ನಾನು ತಡೆಯಲು ನೋಡಿದೆ. “ಸುಳ್ಳು ಅಭಿಪ್ರಾಯ ಎಲ್ಲಾ ಸುಮ್ನ ಅಳಿಸಿಬಿಡೋಣ್ರಿ ಜಲಜಕ್ಕ. ಉಪ್ಪಿನಕಾಯಿನೂ ತೆಗೆಯೋಣು. ಇದನ್ನ ಹಿಂಗ ಊರಿಗೆಲ್ಲಾ ಸಾರಿದ್ರ ಅಂಗಡಿ ಉಳಿಯಂಗಿಲ್ಲ. ಮನ್ಯಾಗ ಮತ್ತೇನೂ ಆಧಾರ ಇಲ್ಲ ನಿಮಗ.”

“ಮನೆ ಬಾಗಿಲಿಗೆ ಬಂದವರು ನನ್ನ ಮುಖ ನೋಡ್ತಾರೆ. ಸುಳ್ಳು ಹೇಳಿದ್ರೆ ಅವರಿಗೆ ಗೊತ್ತಾಗ್ತದೆ,” ಎಂದರು. “ಇಲ್ಲಿ ಅವರ ಕೈಯಲ್ಲಿ ಇರುವುದು ಅಕ್ಷರ ಮಾತ್ರ. ಅದೂ ಸುಳ್ಳಾದ್ರೆ ಅವರಿಗೆ ಹಿಡ್ಕೊಳ್ಳಿಕ್ಕೆ ಎಂತ ಉಂಟು, ಹೇಳು.”

‘ನನ್ನ ಗಂಡ’ ಎಂಬಲ್ಲಿಗೆ ಬಂದಾಗ ರಾಯರ ಬೆರಳು ನಿಂತವು. ಜಲಜಕ್ಕ ಅವಸರ ಮಾಡಲಿಲ್ಲ. ಅವರ ಹಿಂದೆಯೇ ನಿಂತು ಕಾದರು. ಹೊರಗೆ ರಿಕ್ಷಾಗಳ ಹಾರ್ನು ಕೇಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ರಾಯರು ಮತ್ತೆ ಹೊಡೆಯತೊಡಗಿದರು. ಮುಗಿಸಿದ ಮೇಲೆ ಅದು ಎಲ್ಲ ಗಿರಾಕಿಗಳಿಗೂ ಇ-ಮೇಲ್ ಆಗಿಯೂ ಹೋಯಿತು.

ಆಗ ಜಲಜಕ್ಕ ಗಂಡನಿಗೆ ಒಂದು ಮಾತು ಹೇಳಿದರು. ಅಲ್ಲಿ ನಾನು ಇರಬಾರದಿತ್ತು.

“ಮದುವೆಯಾದಾಗಿಂದ ಬಡಿಸಿದ್ದೇನೆ. ಒಂದು ದಿನ ಚೆನ್ನಾಗಿದೆ ಅಂತ ನೀವು ಬಾಯಿಬಿಟ್ಟು ಹೇಳಲಿಲ್ಲ. ಯಾವುದೋ ಹೆಂಗಸಿನ ಹೆಸರಲ್ಲಿ ಊರಿಗೆಲ್ಲ ಹೇಳಿದಿರಿ. ನನಗೂ ಓದಿ ಹೇಳಿದಿರಿ.”

ರಾಯರು ಪರದೆಯನ್ನೇ ನೋಡುತ್ತಿದ್ದರು. “ಎದುರಿಗೆ ಹೇಳಲಿಕ್ಕೆ ಬರಲಿಲ್ಲ ನನಗೆ,” ಎಂದರು.

ಜಲಜಕ್ಕ ಅತ್ತದ್ದು ಆಗ. ಅಂಗಡಿಗಾಗಿ ಅಲ್ಲ. ನಾನು ಮೆಲ್ಲನೆ ಬಾಗಿಲು ಎಳೆದುಕೊಂಡು ಮೇಲೆ ಬಂದೆ.

ಆಮೇಲೆ ಇ-ಮೇಲುಗಳು ಬಂದವು. ಜನ ಎಂತೆಂಥ ಮಾತು ಬರೆದರು! ಮೋಸಗಾರ್ತಿ, ಗಂಡಹೆಂಡಿರ ನಾಟಕ, ಪೊಲೀಸಿಗೆ ಕೊಡಬೇಕು. ಎಲ್ಲವನ್ನೂ ರಾಯರೇ ಓದಿ ಹೇಳಬೇಕಿತ್ತು. ಅವರು ಒಂದನ್ನೂ ಬಿಡದೆ ಓದಿದರು. ಆ ಮಳೆಗಾಲ ಪೂರ್ತಿ ಅಂಗಡಿ ಮುಚ್ಚಿತ್ತು. ದಿವಾದ ಹೆಂಗಸರು ಬೇರೆ ಕಡೆ ಕೆಲಸ ಹಿಡಿದರು. ಬಿಲ್ಡಿಂಗಿನಲ್ಲಿಯೂ ಗುಸುಗುಸು ಇತ್ತು. ಗಂಡಹೆಂಡಿರು ವಾರಕ್ಕೊಮ್ಮೆ ಐರೋಲಿಗೆ ಹೋಗಿಬರುತ್ತಿದ್ದರು. ಸಾವಂತರು ಮೊದಮೊದಲು ಬಾಗಿಲಲ್ಲೇ ಮಾತಾಡಿ ಕಳಿಸುತ್ತಿದ್ದರಂತೆ. ಮುದುಕರು ಬದುಕಿದರು. ಮನೆಗೆ ಬಂದ ಮೇಲೆ ಒಂದು ದಿನ ರಾಯರನ್ನು ಒಳಗೆ ಕರೆಸಿ ಹತ್ತಿರ ಕೂರಿಸಿಕೊಂಡರಂತೆ. ಉಪ್ಪಿನಕಾಯಿ ನಿಜವಾಗಿಯೂ ಚೆನ್ನಾಗಿತ್ತಲ್ಲ, ಮತ್ತೆ ಸುಳ್ಳು ಯಾಕೆ ಬರೆದಿರಿ ಎಂದು ಮರಾಠಿಯಲ್ಲಿ ಕೇಳಿದರಂತೆ. ಇದನ್ನು ನನಗೆ ಹೇಳುವಾಗ ಜಲಜಕ್ಕ ಅದೆಷ್ಟೋ ದಿನಗಳ ಮೇಲೆ ನಕ್ಕರು.

ಬೈದವರ ಇ-ಮೇಲುಗಳ ನಡುವೆ ಬೇರೆಯವೂ ಇದ್ದವು. ಪುಡಿ ಮುಗಿದಿದೆ, ಯಾವಾಗ ತೆರೆಯುತ್ತೀರಿ ಎಂದಷ್ಟೇ ಕೇಳಿದವರು. ದಸರೆಯ ಹೊತ್ತಿಗೆ ಅಂಗಡಿ ಮತ್ತೆ ತೆರೆಯಿತು. ಮಿಡಿ ಉಪ್ಪಿನಕಾಯಿ ಅದರಲ್ಲಿ ಇರಲಿಲ್ಲ, ಮುಂದೆಯೂ ಬರಲಿಲ್ಲ. ತಪ್ಪೊಪ್ಪಿಗೆಯ ಸಾಲುಗಳನ್ನು ಮೊದಲ ಪುಟದಿಂದ ತೆಗೆಯಲು ಜಲಜಕ್ಕ ಬಿಡಲೇ ಇಲ್ಲ. ಅಭಿಪ್ರಾಯದ ಜಾಗವನ್ನು ಕೊಂಡವರಿಗೆ ಮಾತ್ರ ತೆರೆಯುವಂತೆ ಬದಲಿಸಿದೆವು. ಅಲ್ಲಿ ಬಂದ ಮೊದಲನೆಯ ಅಭಿಪ್ರಾಯ ಕಂಡು ನಾನು ಆಫೀಸಿನ ಕುರ್ಚಿಯಲ್ಲಿ ಎದ್ದು ಕೂತೆ. ‘ಹುಳಿ ಪುಡಿಯಲ್ಲಿ ಈ ಬಾರಿ ಮೆಂತೆ ಸ್ವಲ್ಪ ಹೆಚ್ಚಾಗಿದೆ. ಉಳಿದಂತೆ ಚೆನ್ನಾಗಿದೆ. ಶ್ರೀಪತಿ ರಾವ್, ತಯಾರಿಸಿದವರ ಗಂಡ.’ ಹೆಂಡತಿಗೆ ತಿಳಿಸದೆ, ಎಲ್ಲರ ಹಾಗೆ ಆರ್ಡರ್ ಹಾಕಿ ಒಂದು ಪೊಟ್ಟಣ ತರಿಸಿಕೊಂಡಿದ್ದರು. ಜಲಜಕ್ಕ ಎರಡು ದಿನ ಬೈದರು, ಮೂರನೆಯ ದಿನ ಮೆಂತೆ ಕಡಿಮೆ ಮಾಡಿದರು.

ನಂತರದ ವರ್ಷಗಳಲ್ಲಿ ಅವರನ್ನು ಹುಡುಕಿಕೊಂಡು ಹೆಂಗಸರು ಬರತೊಡಗಿದರು. ಕಲ್ಯಾಣದಿಂದ, ಉಲ್ಲಾಸನಗರದಿಂದ, ಕುಪ್ಪಸ ಹೊಲಿಯುವವರು, ಚಕ್ಕುಲಿ ಮಾಡುವವರು. ನೆಟ್‌ನಲ್ಲಿ ಮಾರುವುದು ಹೇಗೆ ಹೇಳಿಕೊಡಿ ಎನ್ನುವರು. ಜಲಜಕ್ಕ ನೆಲದ ಮೇಲೆ ಚಾಪೆ ಹಾಸಿ ಕೂರಿಸಿ ತಮಗೆ ಗೊತ್ತಿದ್ದ ಅರೆಮರಾಠಿಯಲ್ಲಿ ಹೇಳುವರು: ಚಿತ್ರ ಇದ್ದ ಹಾಗೆ ತೆಗೆಯಬೇಕು, ಕೇಳಿದವರಿಗೆ ಅಂದೇ ಉತ್ತರ ಕೊಡಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಾದರೂ ಕೊಡಬೇಕು, ತಡವಾಗುವುದಾದರೆ ಅವರು ಕೇಳುವ ಮೊದಲು ನಾವು ಹೇಳಬೇಕು. ಕಡೆಗೆ ಸಾವಂತರ ತಂದೆಯ ಕತೆ. ಅದನ್ನು ಒಮ್ಮೆಯೂ ಬಿಟ್ಟದ್ದಿಲ್ಲ. ಗಂಡ ಅಲ್ಲೇ ಕೂತಿರುವಾಗಲೇ ಹೇಳುವರು. ಹೊಸದಾಗಿ ಬಂದವರು ಗಾಬರಿಯಿಂದ ರಾಯರತ್ತ ನೋಡುವರು. ರಾಯರು ಹೌದೆಂದು ತಲೆಯಾಡಿಸುವರು.

ನಾನು ಮದುವೆಯಾಗಿ ಐರೋಲಿಗೇ ಹೋದೆ. ಜಲಜಕ್ಕನನ್ನು ಕೊನೆಯ ಸಲ ಕಂಡದ್ದು ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ, ಜನ ಎರಡೂ ಕಡೆಯಿಂದ ನುಗ್ಗುವ ಹೊತ್ತಿನಲ್ಲಿ. ನೌಪಾಡಾ ಪೇಟೆಯಿಂದ ಬರುತ್ತಿದ್ದರು, ಹೆಗಲಲ್ಲಿ ದೊಡ್ಡ ಚೀಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಈಗ ಎಲ್ಲರೂ ಫೋನಿನಲ್ಲೇ ಕೊಳ್ಳುತ್ತಾರಂತೆ, ನಮ್ಮ ಅಂಗಡಿಯನ್ನು ಫೋನಿಗೆ ಇಳಿಸಬೇಕು, ಒಂದು ಭಾನುವಾರ ಬಾ ಎಂದರು. ಇನ್ನೂ ಏನೋ ಹೇಳುತ್ತಿದ್ದರು, ಜನ ತಳ್ಳಿಕೊಂಡು ನಡುವೆ ಬಂದರು. ಎತ್ತರದ ಆಳಲ್ಲವೇ, ಮೆಟ್ಟಿಲಿಳಿಯುವವರೆಗೂ ಆ ಬಿಳಿ ತಲೆ ಕಾಣುತ್ತಿತ್ತು.

ಭಾನುವಾರಗಳು ಹೋದವು. ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ರಾಯರ ಫೋನು. ಅವರು ಜೀವಮಾನದಲ್ಲಿ ನನಗೆ ಫೋನು ಮಾಡಿದವರಲ್ಲ. ಹೆಸರು ನೋಡಿದ ಕೂಡಲೇ ಎತ್ತಿದೆ.

“ವಿದ್ಯಾ, ಜಲಜ ಹೋದಳು,” ಎಂದರು. ಹುರಿಯುತ್ತ ನಿಂತಿದ್ದವರು ಹಾಗೆಯೇ ಕುಸಿದರಂತೆ. ನಾನು ಏನು ಹೇಳಿದೆನೋ ನೆನಪಿಲ್ಲ. ಫೋನಿಟ್ಟ ಮೇಲೂ ಪಕ್ಕದವಳು ಬಂದು ಭುಜ ಅಲುಗಿಸುವವರೆಗೆ ಎದುರಿನ ಪರದೆಯನ್ನೇ ನೋಡುತ್ತಿದ್ದೆನಂತೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ರಾಯರು ಮತ್ತೆ ಕರೆದರು. ಅಂಗಡಿ ಮುಚ್ಚಬೇಕು, ಹೇಗೆಂದು ಗೊತ್ತಾಗುತ್ತಿಲ್ಲ ಎಂದರು. ಹೋದೆ. ಇಸ್ತ್ರಿ ಶರಟಿನಲ್ಲೇ ಬಾಗಿಲು ತೆಗೆದರು. ಮೆಟ್ಟಿಲ ಬಳಿ ಯಾವ ವಾಸನೆಯೂ ಇರಲಿಲ್ಲ. ಬಂದ ಪ್ರತಿ ಆರ್ಡರಿಗೂ ಹೆಂಡತಿ ತೀರಿಕೊಂಡ ವಿಷಯವನ್ನು ತಿಳಿಸಿ ಉತ್ತರ ಬರೆದಿದ್ದರು. ಆದರೂ ಹೊಸವು ಬರುತ್ತಲೇ ಇದ್ದವು. ನಾನು ಕೂತಿದ್ದಾಗಲೇ ಒಂದು ಬಂತು. ಸಾರಿನ ಪುಡಿ, ಕೊಲ್ಹಾಪುರಕ್ಕೆ.

ನಾನು ಒಳಗಿನ ಪುಟ ತೆರೆದು ಮುಚ್ಚುವ ಗುಂಡಿ ಹುಡುಕಿದೆ. ಒತ್ತಿದ ಮೇಲೆ ಪರದೆಯಲ್ಲಿ ಒಂದು ಪ್ರಶ್ನೆ ಬಂತು: ಖಂಡಿತವಾಗಿ ಮುಚ್ಚಬೇಕೆ? ರಾಯರತ್ತ ತಿರುಗಿದೆ. ಅವರು ಕನ್ನಡಕ ಏರಿಸಿ, ಆ ಎರಡು ಶಬ್ದಗಳನ್ನು ಕಂಪನಿಯ ಪತ್ರವೋ ಎಂಬಂತೆ ಬಹಳ ಹೊತ್ತು ಓದಿದರು.

“ನಾಳೆ ಮಾಡುವ,” ಎಂದರು.

ಮರುದಿನ ಅವರು ಕರೆಯಲಿಲ್ಲ. ನಾನೂ ಹೋಗಲಿಲ್ಲ.